ಪಲ್ಪ್ ಟ್ರೇ, ಪಲ್ಪ್ ತಟ್ಟೆ: ನಮ್ಮ ಕರಾವಳಿಯಲ್ಲಿ ನಡೆಯುತ್ತದಾ?

ಪ್ರಶ್ನೆ (ಕಾರ್ಕಳದಿಂದ): ನಮಸ್ಕಾರ ಮೇಡಂ. ನಮ್ಮ ಹಳೆಯ ಗೇರುಬೀಜದ ಫ್ಯಾಕ್ಟರಿಯ ಶೆಡ್ ಖಾಲಿ ಬಿದ್ದಿದೆ. ಅದರಲ್ಲಿ ಕಾಗದದ ಪಲ್ಪಿನಿಂದ (ನೀರಿನಲ್ಲಿ ಕಡೆದ ನಾರಿನಿಂದ) ಟ್ರೇ, ತಟ್ಟೆ ಮಾಡುವ ಮೆಷಿನ್ ಹಾಕಬೇಕು ಅಂತ ನನಗೂ ನನ್ನ ಭಾವನಿಗೂ ಮನಸ್ಸು. ಪ್ಲಾಸ್ಟಿಕ್ ಬಂದ್ ಆಗಿದೆ, ಡಿಮಾಂಡ್ ಏರುತ್ತಲೇ ಇದೆ ಅಂತ ಮೆಷಿನ್ ಮಾರುವವರು ಹೇಳುತ್ತಾರೆ. ನಿಜವಾ? ಎಗ್ ಟ್ರೇ ಮಾಡುವುದಾ, ಊಟದ ತಟ್ಟೆ ಮಾಡುವುದಾ? ನೀವು ಪ್ಯಾಕೇಜಿಂಗ್ ಕೆಲಸದಲ್ಲೇ ಇರುವವರು, ಬಿಡಿಸಿ ಹೇಳಿ.

ಉತ್ತರ: ಡಿಮಾಂಡ್ ಇದೆ, ಸುಳ್ಳಲ್ಲ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಟ್ರೇ ಇವಕ್ಕೆಲ್ಲ ದೇಶದಾದ್ಯಂತ ನಿಷೇಧ ಬಂತು. ಹೊರದೇಶದ ಒತ್ತಡವೂ ಇದೆ. ಯುರೋಪಿನ ಹೊಸ ಪ್ಯಾಕೇಜಿಂಗ್ ಕಾನೂನು 2026ರ ಆಗಸ್ಟ್ 12ರಿಂದ ಅನ್ವಯ. ಆ್ಯಪಲ್ ಕಂಪನಿ 2025ರೊಳಗೆ ತನ್ನ ಪ್ಯಾಕಿಂಗ್‌ನಿಂದ ಪ್ಲಾಸ್ಟಿಕ್ ತೆಗೆಯುತ್ತೇನೆ ಅಂತ ಗುರಿ ಇಟ್ಟುಕೊಂಡಿತ್ತು. ಫೋನ್ ಡಬ್ಬದೊಳಗೆ ಈಗ ಪ್ಲಾಸ್ಟಿಕ್ ಟ್ರೇ ಬದಲು ನುಣುಪಾದ ಪಲ್ಪ್ ಟ್ರೇ ಕಾಣುವುದು ಇಂಥ ಒತ್ತಡದಿಂದಲೇ. ಹಾಗಂತ ಇದೇನೂ ಹೊಸ ವಿದ್ಯೆಯಲ್ಲ. ಅಮೆರಿಕದ ಮೇನ್ ರಾಜ್ಯದ ಮಾರ್ಟಿನ್ ಕೀಸ್ ಎಂಬವರು 1900ರ ದಶಕದಲ್ಲೇ ಪಲ್ಪಿನ ತಟ್ಟೆ ಮಾಡುವ ಯಂತ್ರ ಕಟ್ಟಿದ್ದರು.

ಆದರೆ "ಡಿಮಾಂಡ್ ಇದೆ" ಎನ್ನುವುದಕ್ಕೂ "ಕಾರ್ಕಳದಲ್ಲಿ ಲಾಭ ಇದೆ" ಎನ್ನುವುದಕ್ಕೂ ನಡುವೆ ನಮ್ಮ ಮಳೆಗಾಲ ಕೂತಿದೆ. ಅದನ್ನು ಮೊದಲು ಲೆಕ್ಕ ಹಾಕಿ. ಮೆಷಿನ್ ಮಾರುವವರು ಅದನ್ನು ಹೇಳುವುದಿಲ್ಲ.

ಕೆಲಸ ಹೀಗೆ ನಡೆಯುತ್ತದೆ. ರದ್ದಿ ಪೇಪರನ್ನು ದೊಡ್ಡ ಡ್ರಮ್ಮಿನಲ್ಲಿ ನೀರು ಹಾಕಿ ಕಡೆಯುತ್ತಾರೆ. ಅಚ್ಚಿಗೆ ಹೋಗುವ ಹೊತ್ತಿಗೆ ಅದು ಗಂಜಿಗಿಂತ ತೆಳು, ನೂರಕ್ಕೆ 99 ಪಾಲು ನೀರೇ. ಅಚ್ಚಿನ ಮೇಲೆ ಸಣ್ಣ ಜಾಲರಿ ಇರುತ್ತದೆ. ಹಿಂದಿನಿಂದ ವ್ಯಾಕ್ಯೂಮ್ ಪಂಪ್ ನೀರನ್ನು ಎಳೆಯುತ್ತದೆ, ನಾರು ಜಾಲರಿಗೆ ಅಂಟಿ ಉಳಿಯುತ್ತದೆ. ಎಳೆದ ನೀರು ಮತ್ತೆ ಡ್ರಮ್ಮಿಗೇ. ಹೀಗೆ ಬಂದ ಒದ್ದೆ ಟ್ರೇಯಲ್ಲಿ ಇನ್ನೂ ನೂರಕ್ಕೆ 70ರಿಂದ 75 ಪಾಲು ನೀರು ಕೂತಿರುತ್ತದೆ. ಇದನ್ನು ಒಣಗಿಸಬೇಕು. ಖರ್ಚೆಲ್ಲ ಇಲ್ಲೇ.

ಲೆಕ್ಕ ನೋಡಿ. 1 ಕೆಜಿ ಒಣ ಟ್ರೇ ಕೈಗೆ ಬರಬೇಕಾದರೆ ಹತ್ತಿರ ಹತ್ತಿರ 2.3ರಿಂದ 3 ಕೆಜಿ ನೀರನ್ನು ಆವಿ ಮಾಡಬೇಕು. 1 ಕೆಜಿ ನೀರು ಆವಿಯಾಗಲು ಕನಿಷ್ಠ 0.63 ಯೂನಿಟ್‌ನಷ್ಟು ಶಾಖ ಬೇಕು. ಅಂದರೆ 1 ಕೆಜಿ ಟ್ರೇಗೆ 1.5ರಿಂದ 1.9 ಯೂನಿಟ್. ಇದು ಬರೀ ಪುಸ್ತಕದ ಲೆಕ್ಕ. ಡ್ರೈಯರ್‌ನಲ್ಲಿ ಸೋರಿಹೋಗುವ ಬಿಸಿ ಸೇರಿಸಿದರೆ ಇದರ ಎರಡು ಪಟ್ಟು ಆದರೂ ಆಶ್ಚರ್ಯವಿಲ್ಲ. 30 ಮೊಟ್ಟೆಯ ಒಂದು ಟ್ರೇ 60–70 ಗ್ರಾಂ ತೂಗುತ್ತದೆ, ಕೆಜಿಗೆ 15ರ ಆಸುಪಾಸು ಬಂತು. ಒಂದೊಂದು ಟ್ರೇಗೆ ಸಿಗುವ ದರವನ್ನೂ ಈ ಶಾಖದ ಖರ್ಚನ್ನೂ ಪಕ್ಕಪಕ್ಕ ಬರೆದು ನೋಡಿ.

ಬಯಲುಸೀಮೆಯವರಿಗೆ ಇಲ್ಲೊಂದು ಅನುಕೂಲ ಉಂಟು. ಅಂಗಳದಲ್ಲಿ ಹರಡಿದರೆ ಬಿಸಿಲಿಗೇ ಒಣಗುತ್ತದೆ, ಪುಕ್ಕಟೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಕೂತರೆ ಶೆಡ್ ತುಂಬ ಬೂಷ್ಟು ಹಿಡಿದ ಟ್ರೇ. ಅದರ ಮೇಲೆ ಎಗ್ ಟ್ರೇಯಲ್ಲಿ ನಿಮಗೆ ಎದುರಾಳಿ ತಮಿಳುನಾಡಿನ ನಾಮಕ್ಕಲ್ ಕಡೆಯವರು. ಅಲ್ಲಿ ಕೋಳಿಯೂ ಉಂಟು, ಬಿಸಿಲೂ ಉಂಟು.

ಪ್ರಶ್ನೆ (ಅದೇ ಕಾರ್ಕಳದವರು): ಹಾಗಾದರೆ ಬೇಡ ಅನ್ನುತ್ತೀರಾ? ನಮ್ಮಲ್ಲಿ ಗೇರುಬೀಜದ ಸಿಪ್ಪೆ ಬೇಕಾದಷ್ಟು ಸಿಗುತ್ತದೆ. ಅದನ್ನೇ ಉರಿಸಿ ಒಣಗಿಸಬಹುದಲ್ವಾ?

ಉತ್ತರ: ಬೇಡ ಅಂದಿಲ್ಲ ಮಾರಾಯ್ರೆ! ಸಿಪ್ಪೆ ಇದೆ ಅನ್ನುವುದೇ ನಿಮ್ಮ ಬಲ. ಒಂದು ಎಚ್ಚರ ಮಾತ್ರ. ಗೇರು ಸಿಪ್ಪೆಯಲ್ಲಿ ಎಣ್ಣೆ ಇರುತ್ತದೆ, ಹೊಗೆ ಖಾರ, ಜಿಡ್ಡು. ಎಣ್ಣೆ ತೆಗೆದ ಹಿಂಡಿ ಸಿಕ್ಕಿದರೆ ಒಳ್ಳೆಯದು. ಯಾವುದನ್ನೇ ಉರಿಸಿ, ಹೊಗೆ ಟ್ರೇಗೆ ತಾಗಬಾರದು. ಒಲೆಯ ಬಿಸಿ ಕೊಳವೆಯ ಮೂಲಕ ಗಾಳಿಗೆ ಹೋಗಬೇಕು, ಆ ಶುದ್ಧ ಬಿಸಿಗಾಳಿ ಟ್ರೇ ಮೇಲೆ ಹಾಯಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಕೇಳುವಾಗ ನೀರಿನ ಜೊತೆಗೆ ಈ ಚಿಮಣಿಯ ವಿಷಯವೂ ಬರುತ್ತದೆ.

ನನ್ನನ್ನು ಕೇಳಿದರೆ ಎಗ್ ಟ್ರೇಯೂ ಬೇಡ, ಊಟದ ತಟ್ಟೆಯೂ ಬೇಡ. ಸಾಮಾನು ಒಡೆಯದಂತೆ ಡಬ್ಬದೊಳಗೆ ಇಡುವ ಟ್ರೇ ನೋಡಿ. ಪಂಪ್, ಮೋಟಾರ್ ಬಿಡಿಭಾಗ, ಬಾಟಲಿ, ಬಲ್ಬ್, ಔಷಧಿ ಸೀಸೆ. ಬೈಕಂಪಾಡಿಯಿಂದ ನಂದಿಕೂರುವರೆಗೆ, ಮಣಿಪಾಲದ ಶಿವಳ್ಳಿಯಲ್ಲೂ ಕಾರ್ಖಾನೆಗಳಿವೆ. ಥರ್ಮಾಕೋಲ್ ಅಚ್ಚಿನಲ್ಲಿ ಸಾಮಾನು ಕಳಿಸುವವರು ಯಾರು ಅಂತ ಒಂದು ಸುತ್ತು ಹಾಕಿ ನೋಡಿ. ಪಲ್ಪ್ ಟ್ರೇ ಹಗುರ, ಆದರೆ ಲಾರಿಯಲ್ಲಿ ಜಾಗ ತಿನ್ನುತ್ತದೆ. ಹಾಗಾಗಿ ದೂರದಿಂದ ತರಿಸುವುದು ಗಿರಾಕಿಗೂ ಕಷ್ಟ. ಹತ್ತಿರದಲ್ಲಿ ಇರುವವನಿಗೆ ಅದೇ ಲಾಭ. ಆಹಾರಕ್ಕೆ ತಾಗುವುದಿಲ್ಲವಾದ್ದರಿಂದ ರದ್ದಿ ಪೇಪರ್, ಹಳೆಯ ರಟ್ಟು ಸಾಕು.

ಪ್ರಶ್ನೆ (ಉಡುಪಿ, ಹೋಟೆಲ್): ಮೇಡಂ, ನಾವು ಪಾರ್ಸೆಲ್‌ಗೆ ಕಬ್ಬಿನ ಸಿಪ್ಪೆಯ ಡಬ್ಬಿ ತರಿಸಿದೆವು. ಇಡ್ಲಿ ವಡೆಗೆ ಚೆನ್ನಾಗಿದೆ. ಸಾಂಬಾರು ಹಾಕಿದರೆ ಮನೆ ಮುಟ್ಟುವಷ್ಟರಲ್ಲಿ ತಳ ಮೆತ್ತಗೆ. ಗಿರಾಕಿ ಬೈಯುತ್ತಾರೆ. ಒಳ್ಳೆ ಕ್ವಾಲಿಟಿ ಯಾವುದು?

ಉತ್ತರ: ಸಾಂಬಾರಿಗೆ ಇದು ಆಗುವಂಥದ್ದಲ್ಲ, ಅಷ್ಟೇ. ಯಾಕೆ ಅಂತ ಹೇಳುತ್ತೇನೆ.

ಪಲ್ಪ್ ತಟ್ಟೆಯಲ್ಲಿ ಅಂಟು ಹಾಕಬೇಕಾಗಿಯೇ ಇಲ್ಲ. ನೀರು ಹೋಗುತ್ತಾ ಹೋಗುತ್ತಾ ನಾರುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಅದಕ್ಕೆ ಹೈಡ್ರೋಜನ್ ಬಂಧ ಅನ್ನುತ್ತಾರೆ. ನೀರು ಹೋದದ್ದರಿಂದ ಬಂದ ಗಟ್ಟಿತನ, ನೀರು ಬಂದರೆ ಹೋಗುತ್ತದೆ. ಅದಕ್ಕೆ ನೀರು ತಡೆಯುವ ಒಂದು ಮದ್ದನ್ನು ಪಲ್ಪಿಗೇ ಬೆರೆಸುತ್ತಾರೆ. ಎಣ್ಣೆ ತಡೆಯಲು ಬೇರೆಯೇ ಮದ್ದು ಬೇಕು. ನಿಮ್ಮ ಸಾಂಬಾರಿನಲ್ಲಿ ಬಿಸಿ, ನೀರು, ಹುಳಿ, ಮೇಲೆ ಒಗ್ಗರಣೆಯ ಎಣ್ಣೆ ನಾಲ್ಕೂ ಒಟ್ಟಿಗೆ! ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಎಣ್ಣೆ ತಡೆಯಲು ಬಹಳ ಕಾಲ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು ಹಾಕುತ್ತಿದ್ದರು. ಎಣ್ಣೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಅವು ಮಣ್ಣಿನಲ್ಲೂ ಮೈಯಲ್ಲೂ ಬೇಗ ಕರಗಿ ಹೋಗುವಂಥವಲ್ಲ. ಅಮೆರಿಕದಲ್ಲಿ ಆಹಾರದ ಕಾಗದಕ್ಕೆ ಇವುಗಳ ಮಾರಾಟ ನಿಂತಿದೆ ಎಂದು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಹೇಳಿತು. ಯುರೋಪಿನ ಹೊಸ ಕಾನೂನಿನಲ್ಲೂ ಇದಕ್ಕೆ ಮಿತಿ ಇದೆ. ಆದ್ದರಿಂದ ಡಬ್ಬಿ ಮಾರುವವರ ಹತ್ತಿರ "ಇದರಲ್ಲಿ ಪಿಎಫ್‌ಎಎಸ್ ಇಲ್ಲ" ಎನ್ನುವ ಲ್ಯಾಬ್ ವರದಿ ಕೇಳಿ. ಬಾಯಿಮಾತು ಸಾಲದು. ಒಟ್ಟು ಫ್ಲೋರಿನ್ ಎಷ್ಟು ಅಂತ ವರದಿಯಲ್ಲಿ ಇರಬೇಕು.

ಒಳಗೆ ಪಿಎಲ್‌ಎ ಪದರ ಹಾಕಿದ ಡಬ್ಬಿಯೂ ಬರುತ್ತದೆ. ಅದು ಜೋಳದ ಪಿಷ್ಟದಂಥವುಗಳಿಂದ ಮಾಡಿದ ಪ್ಲಾಸ್ಟಿಕ್. 60 ಡಿಗ್ರಿ ಹತ್ತಿರಕ್ಕೆ ಬಂದರೆ ಮೆತ್ತಗಾಗುತ್ತದೆ. ನೀವು ಸಾಂಬಾರು ಸುರಿಯುವುದು ಕುದಿಯುವ ಪಾತ್ರೆಯಿಂದ. ಆಮೇಲೆ ಏನಾಗುತ್ತದೆ ಗೊತ್ತಲ್ಲ.

ನಾನಾದರೆ ಇಡ್ಲಿ, ಗೋಳಿಬಜೆ, ಬನ್ಸ್, ನೀರುದೋಸೆ ಪಲ್ಪ್ ಡಬ್ಬಿಗೆ, ಒಳಗೊಂದು ಬಾಳೆ ಎಲೆ ತುಂಡು. ಎಲೆ ಎಣ್ಣೆಯನ್ನೂ ತಡೆಯುತ್ತದೆ, ಬಿಸಿಯನ್ನೂ ತಾಳುತ್ತದೆ. ಸಾಂಬಾರಿಗೆ ಮನೆಯಿಂದ ಪಾತ್ರೆ ತರುವವರಿಗೆ ಎರಡು ರೂಪಾಯಿ ಕಡಿಮೆ ಮಾಡಿ ನೋಡಿ.

ಪ್ರಶ್ನೆ (ಸುರತ್ಕಲ್): ಎಗ್ ಟ್ರೇ ಮಾಡುವ ರದ್ದಿ ಪೇಪರಿನಲ್ಲೇ ತಟ್ಟೆಯೂ ಮಾಡಿದರೆ ಅಗ್ಗ ಆಗುತ್ತದಲ್ವಾ?

ಉತ್ತರ: ಬೇಡ. ಪತ್ರಿಕೆಯ ಶಾಯಿ, ಅದರ ಖನಿಜ ಎಣ್ಣೆ ಪಲ್ಪಿನಲ್ಲಿ ಉಳಿಯುತ್ತದೆ. ಮೊಟ್ಟೆಗೆ ಚಿಪ್ಪು ಇದೆ, ಬಜೆಗೆ ಇಲ್ಲ. ಬಜೆಯನ್ನು ಪತ್ರಿಕೆಯ ಕಾಗದದಲ್ಲಿ ಕಟ್ಟಿ ಕೊಡುವುದಕ್ಕೇ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮ ಅವಕಾಶ ಕೊಡುವುದಿಲ್ಲ. ಊಟದ ತಟ್ಟೆಗೆ ಹೊಸ ನಾರು ಬೇಕು.

ಪ್ರಶ್ನೆ (ಬ್ರಹ್ಮಾವರ): ಅಕ್ಕ, ಹೊಸ ನಾರು ಅಂದರೆ ಕಬ್ಬಿನ ಸಿಪ್ಪೆ. ಅದು ನಮ್ಮಲ್ಲಿ ಎಲ್ಲಿ ಸಿಗಬೇಕು? ಅಡಿಕೆ ಸಿಪ್ಪೆ, ತೆಂಗಿನ ನಾರು ರಾಶಿ ರಾಶಿ ಬಿದ್ದಿರುತ್ತದೆ. ಅದನ್ನೇ ಹಾಕಿದರೆ?

ಉತ್ತರ: ನಿಮ್ಮೂರಿನ ಸಕ್ಕರೆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಕಬ್ಬು ಬೆಳೆಯುವವರೂ ಕಡಿಮೆಯಾದರು. ಇನ್ನು ಸಿಪ್ಪೆ ಸಿಕ್ಕಿದರೂ ನೇರವಾಗಿ ಮೆಷಿನಿಗೆ ಹಾಕಲು ಬರುವುದಿಲ್ಲ. ಒಳಗಿನ ಬೆಂಡು ತೆಗೆದು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ತೊಳೆಯಬೇಕು. ಆಗ ಬರುವ ಕಪ್ಪು ನೀರನ್ನು ಶುದ್ಧ ಮಾಡುವುದು ದೊಡ್ಡ ಕಾರ್ಖಾನೆಯ ಕೆಲಸ. ಸಣ್ಣವರು ಬೇಯಿಸಿ ಒಣಗಿಸಿದ ಪಲ್ಪ್ ಹಾಳೆಗಳನ್ನೇ ಕೊಂಡು ತಂದು ನೆನೆಸುತ್ತಾರೆ. ಅಲ್ಲಿಗೆ ಕಚ್ಚಾ ಸಾಮಾನಿನ ದರ ನಿಮ್ಮ ಕೈಯಲ್ಲಿ ಇಲ್ಲ.

ಅಡಿಕೆ ಸಿಪ್ಪೆ, ತೆಂಗಿನ ನಾರು ಎರಡರಲ್ಲೂ ನಾರನ್ನು ಬಿರುಸು ಮಾಡುವ ಲಿಗ್ನಿನ್ ಎಂಬ ಅಂಶ ಜಾಸ್ತಿ. ನಾರು ಒರಟು, ಬಗ್ಗುವುದಿಲ್ಲ, ಒಂದಕ್ಕೊಂದು ಕಚ್ಚುವುದಿಲ್ಲ. ಹಾಗೇ ಹಾಕಿದರೆ ಟ್ರೇ ಪುಡಿ ಉದುರುತ್ತದೆ. ರದ್ದಿ ಪೇಪರಿನ ಜೊತೆ ಸ್ವಲ್ಪ ಬೆರೆಸಿ ಗಿಡದ ಕುಂಡ ಮಾಡಬಹುದು. ನರ್ಸರಿಯವರಿಗೆ ಕುಂಡ ಸಮೇತ ಮಣ್ಣಿಗೆ ಇಡುವುದು ಅನುಕೂಲ. ಮಲ್ಲಿಗೆ, ಕಾಳುಮೆಣಸಿನ ಸಸಿಗೆ ಯಾರಾದರೂ ಮಾಡಿ ನೋಡಬೇಕು ಅಂತ ನನಗೂ ಆಸೆ ಉಂಟು.

ಪ್ರಶ್ನೆ (ಪುತ್ತೂರು): ನಮ್ಮದು ಅಡಿಕೆ ಹಾಳೆಯ ತಟ್ಟೆ ಘಟಕ. ಅಮೆರಿಕದ ಆರ್ಡರ್ ನಿಂತಿದೆ. ಪಲ್ಪ್ ತಟ್ಟೆಗೆ ಬದಲಾಗಿ ಅಂತ ಏಜೆಂಟ್ ಹೇಳುತ್ತಾರೆ. ಇರುವ ಪ್ರೆಸ್ ಉಪಯೋಗಕ್ಕೆ ಬರುತ್ತದಾ?

ಉತ್ತರ: ಇಲ್ಲ ಅಣ್ಣ. ನಿಮ್ಮದು ಇರುವ ಹಾಳೆಯನ್ನೇ ಬಿಸಿ ಅಚ್ಚಿನಲ್ಲಿ ಒತ್ತುವ ಕೆಲಸ. ಇಲ್ಲಿ ಡ್ರಮ್, ವ್ಯಾಕ್ಯೂಮ್, ಜಾಲರಿ ಅಚ್ಚು, ಡ್ರೈಯರ್ ಎಲ್ಲ ಹೊಸತು. 2025ರ ಮೇಯಲ್ಲಿ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳ ಬಗ್ಗೆ ತಕರಾರು ತೆಗೆದದ್ದು ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶಗಳು ಊಟಕ್ಕೆ ಇಳಿಯಬಹುದು ಎನ್ನುವ ಕಾರಣಕ್ಕೆ. ಅದು ಅಮೆರಿಕದ ಮಾರುಕಟ್ಟೆಯ ನಿರ್ಧಾರ, ನಮ್ಮಲ್ಲಿ ನಿಷೇಧವೇನೂ ಅಲ್ಲ. ಒಂದು ದೇಶದ ಆರ್ಡರ್ ಹೋಯಿತು ಅಂತ ಸಾಲ ಮಾಡಿ ಗೊತ್ತಿಲ್ಲದ ಕೆಲಸಕ್ಕೆ ಇಳಿಯಬೇಡಿ. ಆ ಏಜೆಂಟರಿಗೆ ಮೆಷಿನ್ ಕಮಿಷನ್ ಎಷ್ಟು ಅಂತಲೂ ಕೇಳಿ ನೋಡಿ, ಸುಮ್ನೆ.

ಪ್ರಶ್ನೆ (ಮಲ್ಪೆ): ಮೀನಿನ ಥರ್ಮಾಕೋಲ್ ಬಾಕ್ಸ್ ಬದಲು?

ಉತ್ತರ: ಆಗುವುದಿಲ್ಲ. ಐಸು ಕರಗಿದ ನೀರಿನಲ್ಲಿ ಪಲ್ಪ್ ನಿಲ್ಲದು, ತಂಪು ಕಾಯುವುದರಲ್ಲೂ ಥರ್ಮಾಕೋಲ್‌ಗೆ ಸಮ ಅಲ್ಲ. ಯಾರಾದರೂ ಆಗುತ್ತದೆ ಅಂದರೆ ಒಂದು ಬಾಕ್ಸ್ ಬಂಗುಡೆ, ಐಸು ತುಂಬಿಸಿ ಒಂದು ರಾತ್ರಿ ಅವರ ಆಫೀಸಿನಲ್ಲೇ ಇಡಿ.

ಪ್ರಶ್ನೆ (ಮಂಗಳೂರು, ಕದ್ರಿ): ಮನೆಯಲ್ಲಿ ಗೊಬ್ಬರದ ಗುಂಡಿಗೆ ಈ ತಟ್ಟೆ ಹಾಕಬಹುದಾ? ಪೊಟ್ಟಣದ ಮೇಲೆ ಕಂಪೋಸ್ಟೆಬಲ್ ಅಂತ ಇರುತ್ತದೆ, ನಂಬಬಹುದಾ?

ಉತ್ತರ: ಪದರ ಇಲ್ಲದ ತಟ್ಟೆ ಹರಿದು ಹಾಕಿ, ಒದ್ದೆ ಗುಂಡಿಯಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಮಣ್ಣಾಗುತ್ತದೆ. ಪಿಎಲ್‌ಎ ಪದರ ಇದ್ದರೆ ಮನೆ ಗುಂಡಿಯ ಬಿಸಿ ಸಾಲದು, ಅದಕ್ಕೆ 58 ಡಿಗ್ರಿ ಆಸುಪಾಸು ಕಾಯ್ದುಕೊಳ್ಳುವ ದೊಡ್ಡ ಘಟಕ ಬೇಕು. ಪದರ ಇದೆಯಾ ನೋಡುವುದು ಸುಲಭ. ಅಂಚನ್ನು ಮೆಲ್ಲ ಹರಿಯಿರಿ, ತೆಳು ಹಾಳೆಯೊಂದು ಎಳೆದುಕೊಂಡು ಬಂದರೆ ಅದೇ ಪದರ.

ಪ್ರಶ್ನೆ (ಮಣಿಪಾಲ, ಗೋಡೌನ್ ನೋಡಿಕೊಳ್ಳುವವರು): ಜುಲೈಯಲ್ಲಿ ನಮ್ಮ ಪಲ್ಪ್ ಟ್ರೇ ಕುಸಿಯುತ್ತವೆ. ಟ್ರೇ ಕಳಪೆಯಾ?

ಉತ್ತರ: ಟ್ರೇ ಮೇಲೆ ತಪ್ಪು ಹೊರಿಸುವ ಮೊದಲು ಗೋಡೌನ್ ನೋಡಿ. ಕಾಗದದ ಪರೀಕ್ಷೆ ಮಾಡುವುದು 23 ಡಿಗ್ರಿ, ಗಾಳಿಯ ತೇವ ನೂರಕ್ಕೆ 50 ಇರುವ ಕೋಣೆಯಲ್ಲಿ. ನಿಮ್ಮ ಜುಲೈಯಲ್ಲಿ ಅದು 90ರ ಹತ್ತಿರ. ಅಷ್ಟು ತೇವದಲ್ಲಿ ರಟ್ಟಿನ ಪೆಟ್ಟಿಗೆ ಭಾರ ಹೊರುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುವುದುಂಟು. ಪಲ್ಪ್ ಟ್ರೇಯೂ ಹಾಗೇ, ಡಬ್ಬಿ ಬಾಯಿ ತೆರೆದಿಟ್ಟ ಹಪ್ಪಳದಂತೆ ಮೆತ್ತಗಾಗುತ್ತದೆ. ನೆಲದ ಮೇಲೆ ಇಡಬೇಡಿ, ಮರದ ಹಲಗೆ ಹಾಕಿ. ಗೋಡೆಗೆ ತಾಗಿಸಬೇಡಿ. ಪ್ಲಾಸ್ಟಿಕ್ ಹೊದಿಸಿದ ಕಟ್ಟನ್ನು ಬಳಸುವ ದಿನವೇ ಬಿಚ್ಚಿ. ಮಳೆಗಾಲಕ್ಕೆ ರಾಶಿಯ ಎತ್ತರ ಅರ್ಧ ಮಾಡಿ. ಆರ್ಡರ್ ಕೊಡುವಾಗಲೇ "ನಮಗೆ 90ರ ತೇವದಲ್ಲಿ ಪರೀಕ್ಷೆ ಮಾಡಿದ ಫಲಿತಾಂಶ ಬೇಕು" ಅಂತ ಬರೆದು ಕೊಡಿ. (ಪ್ಲಾಸ್ಟಿಕ್ ಬಿಡಲು ತಂದ ಟ್ರೇಗೆ ಪ್ಲಾಸ್ಟಿಕ್ ಹೊದಿಕೆ ಬೇಕಾಗುತ್ತದೆ, ಗೊತ್ತು. ಅದನ್ನು ಮರಳಿ ಕಳಿಸಿ ಮತ್ತೆ ಬಳಸುವ ಏರ್ಪಾಡು ಮಾಡಿಕೊಳ್ಳಿ.)

ಪ್ರಶ್ನೆ (ಕಾರ್ಕಳದವರು ಮತ್ತೆ): ಎಲ್ಲ ಓದಿದೆವು. ಭಾವ ಸ್ವಲ್ಪ ತಣ್ಣಗಾಗಿದ್ದಾರೆ! ಮೆಷಿನ್‌ನವರು ಈ ವಾರ ಬರುತ್ತಾರೆ. ಏನು ಕೇಳಬೇಕು? ಸಾಲಕ್ಕೆ ದಾರಿ ಉಂಟಾ?

ಉತ್ತರ: 1 ಕೆಜಿ ಒಣ ಮಾಲಿಗೆ ಎಷ್ಟು ಸೌದೆ ಅಥವಾ ಎಷ್ಟು ಯೂನಿಟ್ ಅಂತ ಬರೆದು ಕೊಡಲು ಹೇಳಿ. ವ್ಯಾಕ್ಯೂಮ್ ಪಂಪಿನ ಮೋಟಾರ್ ಎಷ್ಟು ಎಚ್‌ಪಿ ಕೇಳಿ, ಮೆಸ್ಕಾಂ ಕರೆಂಟ್ ಬಿಲ್ ಏರಿಸುವುದು ಅದೇ. ಅವರು ಹೇಳಿದ ದರದಲ್ಲಿ ಅಚ್ಚು ಸೇರಿದೆಯಾ, ಡ್ರೈಯರ್ ಸೇರಿದೆಯಾ ನೋಡಿ. ಹೆಚ್ಚಾಗಿ ಇರುವುದಿಲ್ಲ. ಒಂದೊಂದು ವಿನ್ಯಾಸಕ್ಕೂ ಹೊಸ ಅಚ್ಚು ಬೇಕು, ಅಚ್ಚಿನ ಖರ್ಚು ಗಿರಾಕಿ ಕೊಡುತ್ತಾರಾ ನೀವು ಕೊಡುವುದಾ ಅಂತ ಮೊದಲೇ ಮಾತಾಡಿಕೊಳ್ಳಿ.

ಸಾಲಕ್ಕೆ ಪಿಎಂಇಜಿಪಿ ಎಂಬ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ ಉಂಟು. 2025-26ರವರೆಗಿನ ನಿಯಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಆಗುತ್ತಿತ್ತು, ಸಬ್ಸಿಡಿ ನೂರಕ್ಕೆ 15ರಿಂದ 35. ಊರು ಮತ್ತು ವರ್ಗ ನೋಡಿ ನಿರ್ಧಾರ ಆಗುತ್ತದೆ. ಈಗ ಹೇಗಿದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಮುಂದೆ ಯಾವತ್ತಾದರೂ ಊಟದ ತಟ್ಟೆಗೆ ಹೋದರೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಆಹಾರ ಪ್ಯಾಕೇಜಿಂಗ್ ವಿಭಾಗ ಇದೆ, ಅಲ್ಲಿ ಪರೀಕ್ಷೆಯ ಬಗ್ಗೆ ಕೇಳಬಹುದು.

ಇನ್ನೊಂದು. ಅವರ ಮೆಷಿನ್ ಓಡುತ್ತಿರುವ ಘಟಕ ತೋರಿಸಿ ಅಂತ ಕೇಳಿ, ನೋಡಲು ಹೋಗುವುದು ಆಗಸ್ಟ್‌ನಲ್ಲಿ ಇಟ್ಟುಕೊಳ್ಳಿ. ಫೆಬ್ರುವರಿಗೆ ಕರೆದರೆ ಹೋಗಬೇಡಿ. ಕೇರಳದ ಕಡೆಯ ಘಟಕವಾದರೆ ಇನ್ನೂ ಒಳ್ಳೆಯದು, ಅಲ್ಲಿಯದೂ ನಮ್ಮದೇ ಮಳೆ.