ದುರ್ಯೋಧನನ ಪಾರ್ಟಿಗೆ ರೇಟು ಜಾಸ್ತಿ

ಮಂಡ್ಯದ ಕಲಾಮಂದಿರದಲ್ಲಿ ‘ಕುರುಕ್ಷೇತ್ರ’ ಆಡೋದು ಅಂತ ನಮ್ಮೂರಿನವರು ತೀರ್ಮಾನ ಮಾಡಿದಾಗಿಂದ ಟೀ ಅಂಗಡಿ ಬೆಂಚಿನ ಮೇಲೆ ಒಂದೇ ಜಗಳ. ಹೊರಗಿನವರಿಗೆ ಒಂದು ಮಾತು ಹೇಳಿಬಿಡ್ತೀನಿ. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾರ್ಟು ಮಾಡೋನಿಗೆ ಯಾರೂ ದುಡ್ಡು ಕೊಡಲ್ಲ, ಅವನೇ ಕಟ್ಟಬೇಕು. ಸೀನರಿ, ಡ್ರೆಸ್ಸು, ಲೈಟು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಅದರಲ್ಲೇ ಕಳೀಬೇಕು. ಪಾರ್ಟಿನ ತೂಕ ನೋಡಿ ರೇಟು. ಈ ಸಲ ದುರ್ಯೋಧನನಿಗೆ ಕೃಷ್ಣನ ಸಮಕ್ಕೆ ನಿಗದಿಯಾಗಿತ್ತು. ಧರ್ಮರಾಯ ಅಗ್ಗ.

“ಅಲ್ಲ ಕಣ್ಲಾ, ಸತ್ಯ ಯೋಳಾನು ನಾನು, ತುಂಬಿದ ಸಭೇಲಿ ಸೀರೆ ಎಳ್ಸಾನು ನೀನು. ನಿಂಗ್ಯಾಕ್ಲಾ ಇಷ್ಟು ಡಿಮಾಂಡು?” ಅಂದ ಡೈರಿ ಸೆಕ್ರೆಟ್ರಿ. ಧರ್ಮರಾಯ ಅವನ ಪಾಲಿಗೆ ಬಂದಿತ್ತು.

ಆಲೆಮನೆ ಗೌಡ ಆಗಲೇ ಮೀಸೆ ಬಿಡೋಕೆ ಶುರು ಮಾಡಿದ್ದ. “ಇಡೀ ರಾತ್ರಿ ನೀನೇನ್ಲಾ ಮಾಡೀಯೆ? ‘ಸಹೋದರರೇ, ತಾಳ್ಮೆ’ ಅಂತೀಯ, ಕೂತ್ಕತೀಯ. ಐದು ಊರು ಕೇಳ್ದಾಗ ನಾನು ‘ತಗೊಳಪ್ಪ’ ಅಂದುಬುಟ್ರೆ ಜನ ಮನೇಗೋಗಿ ಮುದ್ದೆ ಉಂಡು ಮಲಿಕೊತಾರೆ. ಸೂಜಿ ಮೊನೆಯಷ್ಟೂ ಕೊಡಾಕಿಲ್ಲ ಅಂದಿದ್ಕೇ ಬೆಳಗಾನ ನಾಟ್ಕ.”

ನನಗೆ ಕೇಳಿದರೆ ಗೌಡ ಹೇಳಿದ್ದೇ ಸರಿ. ಕತೆಯಲ್ಲಿ ನಾಯಕ ಸಾಮಾನ್ಯವಾಗಿ ತನ್ನ ಪಾಡಿಗೆ ತಾನಿರುತ್ತಾನೆ. ಬೇಕು ಅಂತಲೋ ಕೊಡಲ್ಲ ಅಂತಲೋ ಹಟ ಹಿಡಿಯೋನು ಪ್ರತಿನಾಯಕ. ಶಕುನಿ ದಾಳ ಉರುಳಿಸದೆ ಹೋಗಿದ್ದರೆ ಧರ್ಮರಾಯನಿಗೆ ಜೂಜಿನ ಚಟ ಇತ್ತು ಅಂತಲೇ ಊರಿಗೆ ಗೊತ್ತಾಗ್ತಿರಲಿಲ್ಲ. ನಾನು ಹೀಗಂದಾಗ ಸೆಕ್ರೆಟ್ರಿ ಮಾತಾಡಲಿಲ್ಲ. ಇಸ್ಪೀಟಿನ ವಿಷಯ ಅವನಿಗೂ ಅನ್ವಯಿಸುತ್ತೆ.

ರಿಟೈರಾದ ಕನ್ನಡ ಮೇಷ್ಟ್ರು ಪೇಪರ್ ಮಡಿಸಿದರು. ಅವರು ಪೇಪರ್ ಮಡಿಸಿದರೆ ಹಳಗನ್ನಡ ಬರುತ್ತೆ ಅಂತ ಅರ್ಥ.

“ರೇಟಿನ ಮಾತು ಬಂತಲ್ಲ, ರನ್ನನ ಕತೆ ಕೇಳಿ. ಅವನಿಗೆ ಆಶ್ರಯ ಕೊಟ್ಟ ದೊರೆ ಚಾಲುಕ್ಯರ ಸತ್ಯಾಶ್ರಯ. ಆ ದೊರೆಯನ್ನೇ ಭೀಮ ಮಾಡಿ ಕಾವ್ಯ ಬರೆದ. ಅದಕ್ಕೆ ‘ಸಾಹಸಭೀಮವಿಜಯ’ ಅಂತ್ಲೇ ಹೆಸರು. ಆದ್ರೆ ಓದಿದೋರ ಮನಸ್ಸಲ್ಲಿ ನಿಲ್ಲೋನು ಯಾರು? ಹೆಣಗಳ ನಡುವೆ ನಡೀತಾ ದುಶ್ಶಾಸನನ್ನ, ಕರ್ಣನ್ನ ನೋಡಿ ಅಳೋ ದುರ್ಯೋಧನ. ಶತ್ರುವಿನ ಮಗ ಅಭಿಮನ್ಯುಗೂ ಕೈ ಮುಗೀತಾನೆ ಕಣಯ್ಯ! ಅವನ ಸಾಹಸದಲ್ಲಿ ಒಂದು ಪಾಲಾದ್ರೂ ಇರೋ ಸಾವು ನನಗೂ ಬರ್ಲಿ ಅಂತಾನೆ.”

“ಅಂದ್ರೆ ದುಡ್ಡು ರಾಜಂದು, ಶಿಳ್ಳೆ ನಂದು,” ಅಂದ ಗೌಡ.

“ಸರೋವರದಲ್ಲಿ ಅಡಗಿದ್ದಾಗ ದಡದಿಂದ ಭೀಮ ಗರ್ಜಿಸ್ತಾನೆ. ಆಗ ‘ನೀರೊಳಗಿರ್ದುಂ ಬೆಮರ್ತನ್ ಉರಗಪತಾಕಂ’. ಹಾವಿನ ಬಾವುಟದ ದುರ್ಯೋಧನ ನೀರಲ್ಲಿ ಮುಳುಗಿದ್ದೂ ಬೆವರಿದ.”

“ಎದ್ರುಕೊಂಡ ಅನ್ನಿ,” ಅಂದ ಸೆಕ್ರೆಟ್ರಿ.

“ಕೋಪಕ್ಕೆ ಕಣಯ್ಯ! ಹೆದರಿಕೆಗಾಗಿದ್ರೆ ಆಚೆಗೆ ಬರ್ತಿದ್ನಾ?”

“ಇವ್ನು ಪಾರ್ಟಿನ ದುಡ್ಡು ನೆನುಸ್ಕೊಂಡ್ರೆ ಸಾಕು, ವಿಶ್ವೇಶ್ವರಯ್ಯ ನಾಲೇಲಿ ಮುಳುಗಿದ್ರೂ ಬೆವರ್ತಾನೆ,” ಅಂದ ಸೆಕ್ರೆಟ್ರಿ, ಗೌಡನ ಕಡೆ ನೋಡಿ.

ಮೇಷ್ಟ್ರು ಕೇಳಿಸಿಕೊಳ್ಳದವರ ಹಾಗೆ ಪಂಪನಿಗೆ ಹೋದರು. 941ರ ಸುಮಾರಿಗೆ ಅವನೂ ಇದೇ ಕೆಲಸ ಮಾಡಿದ್ದ: ತನ್ನ ದೊರೆ ಅರಿಕೇಸರಿಯನ್ನ ಅರ್ಜುನ ಅಂತ ಕೊಂಡಾಡಿದ, ಕರ್ಣ ಬಿದ್ದಾಗ ಮಾತ್ರ ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯೋದಾದರೆ ಕರ್ಣನನ್ನ ನೆನೆ ಅಂದುಬಿಟ್ಟ. ಕವಿಗಳ ಈ ಕಳ್ಳತನ ನನಗೆ ಬಹಳ ಇಷ್ಟ. ಎದುರಾಳಿ ಸಣ್ಣವನಾದರೆ ಅವನನ್ನ ಗೆದ್ದ ದೊರೆಯೂ ಸಣ್ಣವನೇ ಅಲ್ಲವೇ? ಅರಮನೆಯಲ್ಲಿ ಯಾರಾದರೂ ತಗಾದೆ ತೆಗೆದರೆ ಹೇಳೋಕೆ ಒಳ್ಳೆ ಉತ್ತರ.

ಸೈಕಲ್ ಶಾಪಿನವನು ಶಕುನಿ ಪಾರ್ಟಿನವನು, ಅನುಮಾನದ ಪ್ರಾಣಿ. “ಮೇಷ್ಟ್ರೆ, ಎದುರ್ಗೆ ನಿಲ್ಲೋನು ಕೆಟ್ಟೋನೇ ಆಗ್ಬೇಕಾ?”

“ಬದುಕೇ ಇರ್ಬೇಕಿಲ್ಲ, ಇನ್ನು ಕೆಟ್ಟೋನ್ಯಾಕೆ! ಅನಂತಮೂರ್ತಿಯವರ ‘ಸಂಸ್ಕಾರ’ ನೋಡು, 1965ರದ್ದು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಶುರುವಲ್ಲೇ ಸತ್ತ. ಹೆಣ ಮನೆಯಲ್ಲಿ ಬಿದ್ದಿದೆ, ಸುಡೋರು ಯಾರು ಅಂತ ಅಗ್ರಹಾರಕ್ಕೆ ಅಗ್ರಹಾರವೇ ತಲೆ ಕೆಟ್ಟು ಕೂತಿದೆ. ಪ್ರಾಣೇಶಾಚಾರ್ಯರಂಥ ಪಂಡಿತರು ಗ್ರಂಥವೆಲ್ಲ ಜಾಲಾಡಿದ್ರೂ ಉತ್ತರ ಇಲ್ಲ.”

“ಸತ್ತೋನ್ ಕೈಲಿ ಏನಾಯ್ತದೆ ಮೇಷ್ಟ್ರೆ?”

“ಬದುಕಿದ್ದೋನಾದ್ರೆ ಬೈದು ಬಾಯಿ ಮುಚ್ಚಿಸ್ಬೋದಿತ್ತು. ಹೆಣದ ಜೊತೆ ವಾದ ಮಾಡಿ ಯಾವನ್ ಗೆದ್ದವ್ನೆ?”

ಇದು ಗೌಡನಿಗೆ ಹಿಡಿಸಲಿಲ್ಲ. ಗದೆ ಇಲ್ಲ, ಕಂದಪದ್ಯ ಇಲ್ಲ, ಅದೆಂಥಾ ವಿಲನ್ನು ಅಂತ ಗೊಣಗಿದ.

“ಇನ್ನೊಂದು ಹೇಳ್ತೀನಿ ತಡಿ,” ಅಂದರು ಮೇಷ್ಟ್ರು. “ತ್ರಿವೇಣಿಯವರ ‘ಶರಪಂಜರ’. ಕಾವೇರಿ ಅಂತ ಹೆಣ್ಣುಮಗಳು. ಬುದ್ಧಿ ಕೆಟ್ಟು ಆಸ್ಪತ್ರೆ ಸೇರಿ, ವಾಸಿಯಾಗಿ ಮನೆಗೆ ಬರ್ತಾಳೆ. ಆಮೇಲೆ ಅವಳು ನಕ್ರೂ ಅನುಮಾನ, ಅತ್ರೂ ಅನುಮಾನ. ಕೊನೆಗೆ ಮತ್ತೆ ಹುಚ್ಚು ಹಿಡಿಸಿಬಿಡ್ತಾರೆ.”

“ಯಾರು? ಗಂಡನಾ?” ಸೆಕ್ರೆಟ್ರಿ ಮುಂದಕ್ಕೆ ಬಗ್ಗಿದ.

“ಅವನದೂ ಇದೆ. ಉಳಿದಿದ್ದು ಅಕ್ಕಪಕ್ಕದೋರು, ನೆಂಟರು, ಸುಮ್ನೆ ಕೂತ್ಕೊಂಡು ಕಂಡೋರ ಮನೆ ವಿಷಯ ಮಾತಾಡೋರು. ಯಾರ ಕೈಯಲ್ಲೂ ಆಯುಧ ಇಲ್ಲ.”

ಸೈಕಲ್ ಶಾಪಿನವನು ಬೆಂಚಿನ ಈ ತುದಿಯಿಂದ ಆ ತುದಿವರೆಗೆ ಒಬ್ಬೊಬ್ಬರ ಮುಖ ನೋಡಿದ.

“ಮೇಷ್ಟ್ರೆ, ಆ ಪಾರ್ಟಾದ್ರೆ ನಮ್ಗೆ ಪ್ರಾಕ್ಟೀಸೇ ಬ್ಯಾಡ ಬುಡಿ,” ಅಂದವನೇ ದನಿ ತಗ್ಗಿಸಿ, “ಅದ್ಸರಿ, ಮೂಲೆಮನೆ ಸೊಸೆ ತವರಿಗೋದೋಳು ಇನ್ನೂ ಬಂದಿಲ್ವಂತೆ, ಗೊತ್ತಾಯ್ತಾ?” ಅಂದ.

ಮೇಷ್ಟ್ರೂ ಸೇರಿ ಎಲ್ಲರೂ ಹತ್ತಿರಕ್ಕೆ ಜರುಗಿದೆವು.