ಮನೆಗೆ ಯಾರಾದ್ರೂ ಬಂದ ತಕ್ಷಣ ಧಾರಾವಾಹಿ ಚಾನೆಲ್ ಬದಲಿಸೋ ಗಂಡಸರು ಇದ್ದೀರಾ?

ಕತ್ತರಿ_ಬಳ್ಳಾರಿ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ನಾನು ಬಳ್ಳಾರಿ ಕೌಲ್‌ಬಜಾರ್‌ನವನು, ವಯಸ್ಸು 41, ಜೀನ್ಸ್ ಹೊಲಿಯೋ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಸಂಜೆ ಆರೂವರೆಗೆ ಮನೆ ಸೇರ್ತೀನಿ, ಕೈಕಾಲು ತೊಳ್ಕೊಂಡು ಚಹಾ ಕುಡಿಯೋದ್ರೊಳಗೆ ಏಳು ಗಂಟೆ. ಅಲ್ಲಿಂದ ಒಂಬತ್ತೂವರೆ ತನಕ ಅವ್ವ, ಹೆಂಡತಿ, ನಾನು ಮೂರೂ ಜನ ನೆಲದ ಮೇಲೆ ಕುಂತು ಹೊಲಿದ ಪ್ಯಾಂಟಿನ ದಾರ ಕತ್ತರಿಸ್ತೀವಿ. ಎದುರಿಗೆ ಟಿವಿ, ಒಂದಾದ ಮೇಲೆ ಒಂದು ಧಾರಾವಾಹಿ. ವಾಶಿಂಗಿಗೆ ಹೋಗದ ಹೊಸ ಬಟ್ಟೆ ಕೈಗೆ ನೀಲಿ ಬಿಡುತ್ತಲ್ಲ, ನಮ್ಮನೆ ರಿಮೋಟಿನಲ್ಲಿ ವಾಲ್ಯೂಮ್ ಬಟನ್ನಿನ ಅಂಚೆಲ್ಲಾ ನೀಲಿ. ಒರೆಸಿದರೂ ಹೋಗಲ್ಲ.

ನನಗೆ ಧಾರಾವಾಹಿ ಇಷ್ಟ. "ಮನೆಯವರು ಹಾಕಿರ್ತಾರೆ, ಕಣ್ಣಿಗೆ ಬೀಳುತ್ತೆ" ಅನ್ನೋ ಥರ ಅಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಇವತ್ತು ಆ ಹುಡುಗಿ ಅತ್ತೆಗೆ ಏನು ಉತ್ತರ ಕೊಡ್ತಾಳೋ ಅಂತ ನೆನಪಾಗುತ್ತೆ. ಒಂದು ಮಾತಿಗೆ ಮೂರು ಸಲ ಮುಖ ತೋರಿಸ್ತಾರೆ, ಗುಡುಗು ಹೊಡಿಸ್ತಾರೆ ಅಂತ ಜನ ಆಡ್ಕೋತಾರೆ. ಕತ್ತರಿ ಹಿಡಿದು ಕುಂತು ನೋಡಿ, ಗೊತ್ತಾಗುತ್ತೆ. ನನ್ನ ಕಣ್ಣು ಪ್ಯಾಂಟಿನ ಮೇಲಿರುತ್ತೆ, ಕಿವಿ ಟಿವಿ ಕಡೆ. ಗುಡುಗಿನ ಸದ್ದು ಬಂದಾಗ ತಲೆ ಎತ್ತಿದ್ರೆ ಆ ಮುಖ ಇನ್ನೂ ಅಲ್ಲೇ ಇರುತ್ತೆ, ಸಿಗುತ್ತೆ. ಒಂದೇ ಸಲ ತೋರಿಸಿ ಮುಂದಕ್ಕೆ ಹೋಗಿದ್ರೆ ಕೈಕೆಲಸದವರಿಗೆ ಏನೂ ಸಿಗ್ತಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. "ಪುಟ್ಟಕ್ಕನ ಮಕ್ಕಳು" 2021ರ ಡಿಸೆಂಬರ್‌ನಲ್ಲಿ ಝೀ ಕನ್ನಡದಲ್ಲಿ ಶುರುವಾಯ್ತು, ಬಂದಷ್ಟು ದಿನ ನಮ್ಮ ಮನೆಯಲ್ಲಿ ಒಬ್ಬರೂ ತಪ್ಪಿಸಲಿಲ್ಲ. ಮೂರೂ ಹೆಣ್ಣೇ ಹುಟ್ಟಿದವು ಅಂತ ಗಂಡ ಇನ್ನೊಬ್ಬಳನ್ನ ಕಟ್ಟಿಕೊಂಡ, ಪುಟ್ಟಕ್ಕ ಮೆಸ್ಸು ನಡೆಸಿ ಮೂವರನ್ನೂ ಬೆಳೆಸಿದಳು. ಒಂದು ದಿನ ಅದನ್ನ ನೋಡ್ತಾ ನೋಡ್ತಾ ಅವ್ವ, ಕತ್ತರಿ ನಿಲ್ಲಿಸದೆ, ಟಿವಿಯಿಂದ ಕಣ್ಣು ತೆಗೀದೆ, "ನಿಮ್ಮಪ್ಪಗೂ ಒಂದು ಹುಡುಗಿ ನೋಡಿಟ್ಟಿದ್ರು" ಅಂದಳು. ನನಗೆ ಇಬ್ಬರು ಅಕ್ಕಂದಿರು. ಎರಡನೆಯವಳು ಹುಟ್ಟಿದ ಮೇಲೆ ಅಪ್ಪನ ಕಡೆಯವರು ಸಿರುಗುಪ್ಪ ಹತ್ತಿರ ಹೆಣ್ಣು ನೋಡಿ ಬಂದಿದ್ದರಂತೆ. ಅಷ್ಟರಲ್ಲಿ ನಾನು ಹೊಟ್ಟೆಯಲ್ಲಿದ್ದೆನಂತೆ. "ನೀನು ಗಂಡಾದೆ, ಮಾತು ಅಲ್ಲಿಗೇ ನಿಂತಿತು." ಇಷ್ಟು ಹೇಳಿ ಇನ್ನೊಂದು ಪ್ಯಾಂಟು ಎಳ್ಕೊಂಡಳು. ನನ್ನ ಅಕ್ಕಂದಿರಿಗೂ ಈ ವಿಷಯ ಗೊತ್ತಿರಲಿಲ್ಲ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದು, ನಾನು ಹುಟ್ಟೋದಕ್ಕೆ ಅವ್ವ ಹೆಂಗೆ ಕಾದಿರಬಹುದು ಅಂತ ಒಂದು ದಿನವೂ ಯೋಚನೆ ಮಾಡಿದವನಲ್ಲ.

ಇಷ್ಟೆಲ್ಲಾ ಇದ್ದೂ ಹೋದ ವಾರ ನಾನು ಮಾಡಿದ್ದು ಕೇಳಿ. ಬೇರೆ ಒಂದು ಧಾರಾವಾಹಿಯಲ್ಲಿ ಸೊಸೆಗೆ ನಿಜ ತಿಳಿಯೋ ಸಂಚಿಕೆ. ಸೋಮವಾರದಿಂದ ಪ್ರೋಮೋ ಬರ್ತಿತ್ತು, ಅವ್ವ ಕಾದಿದ್ದಳು. ಅದೇ ಹೊತ್ತಿಗೆ ಯೂನಿಟ್ಟಿನ ಇಬ್ಬರು ಪೀಸಿನ ಲೆಕ್ಕ ಮಾಡೋಕೆ ಬಂದರು. ಬಾಗಿಲಲ್ಲಿ ಚಪ್ಪಲಿ ಸದ್ದು ಕೇಳಿದ ಕೂಡಲೇ ನಾನು ಸುದ್ದಿ ಚಾನೆಲ್ ಹಾಕಿದೆ. ಅವರು ಅರ್ಧ ಗಂಟೆ ಕುಂತು ಹೋದರು, ಸಂಚಿಕೆ ಮುಗೀತು. ಅವ್ವ ಒಂದು ಮಾತೂ ಆಡಲಿಲ್ಲ. ಎಂಟನೇ ಕ್ಲಾಸಿನ ಮಗಳು ಮಲಗೋ ಹೊತ್ತಿಗೆ ಕೇಳಿದಳು: "ಅಪ್ಪಾ, ಅಜ್ಜಿ ನೋಡೋದನ್ನ ನೀನೂ ನೋಡ್ತೀಯಲ್ಲ, ಅವರಿಗೆ ಯಾಕೆ ಮುಚ್ಚಿಟ್ಟೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರಾದ್ರೂ ನಾಲ್ಕು ಜನ ಗಂಡಸರ ಮುಂದೆ "ನಾನು ಧಾರಾವಾಹಿ ನೋಡ್ತೀನಿ" ಅಂತ ನೇರ ಹೇಳಿದವರು ಇದ್ದೀರಾ? ಹೆಂಗೆ ಹೇಳಿದ್ರಿ?

---

ಖಾನಾವಳಿ_ಗಂಗಾವತಿ:

ಅಣ್ಣಾರ, ನಾ ಗಂಗಾವತ್ಯಾಗ ಖಾನಾವಳಿ ನಡಸ್ತೀನಿ, ಹನ್ನೊಂದು ವರ್ಷ ಆತು. ನಿಮ್ಮ ಅವ್ವಾರ ಮಾತು ಓದಿ ರೊಟ್ಟಿ ಬಡಿಯೋದು ಬಿಟ್ಟು ಒಂದು ಗಳಿಗಿ ಸುಮ್ನ ಕುಂತೆ. ನಮ್ಮ ಕಡಿ ಇಂಥಾ ಮಾತು ಮನಿಗೊಂದು ಇರ್ತಾವ್ರಿ, ಯಾರೂ ಬಾಯಿ ಬಿಡಂಗಿಲ್ಲ.

ನಮ್ಮ ಖಾನಾವಳ್ಯಾಗೂ ಟಿವಿ ಐತಿ. ರಾತ್ರಿ ಊಟಕ್ಕ ಬರೋರೆಲ್ಲ ಗಂಡಸರ. ರೈಸ್ ಮಿಲ್ಲಿನ ಹಮಾಲರು, ಲಾರಿ ಡ್ರೈವರು. ಪುಟ್ಟಕ್ಕ ಬರೋವಾಗ ನಾ ಅದನ್ನ ಹಚ್ಚತಿದ್ದೆ. ಒಬ್ಬರೂ "ಬ್ಯಾರೆ ಹಾಕ್ರಿ ಅಕ್ಕ" ಅಂದಿಲ್ಲ. ತುತ್ತು ಕೈಯಾಗ ಹಿಡಕೊಂಡು ನೋಡ್ತಿದ್ರು, ಸಾರು ಆರಿ ಹೋಗಿರತಿತ್ತು. ಪುಟ್ಟಕ್ಕನ ಪಾತ್ರ ಮಾಡಿದ ಉಮಾಶ್ರೀಯಮ್ಮ ಮಂತ್ರಿ ಆಗಿದ್ದಾಕಿ, 2013ರಿಂದ 2018ರ ತನಕ ಮಹಿಳಾ ಮತ್ತು ಮಕ್ಕಳ ಖಾತೆ ಅವರ ಕೈಯಾಗಿತ್ತು. ಅಂಥಾಕಿ ಸೆರಗು ಸಿಗಿಸಿಕೊಂಡು ಮೆಸ್ಸಿನ್ಯಾಗ ನಿಂತರ ಮೆಸ್ಸಿನಾಕಿನ ಕಾಣ್ತಾಳ. ಕಾಲು ನೋವಾದಾಗ ಒಂದು ಕಾಲ ಮ್ಯಾಲೆ ಭಾರ ಹಾಕಿ ನಿಲ್ಲೋದು ನಮಗ ಗೊತ್ತಿರೋ ನಿಲುವು.

ಆದ್ರ ನನಗ ಒಂದು ಸಿಟ್ಟು ಐತಿ, ಹೇಳೇ ಬಿಡ್ತೀನಿ. ಭಾಳ ಧಾರಾವಾಹಿ ಬೆಂಗಳೂರಾಗ ತಗೀತಾರ, ಆ ಕಡಿ ಮಾತ ಆಡ್ತಾರ. ನಮ್ಮ ಭಾಷಾ ಬರೋದು ನಗಸಾಕ, ಇಲ್ಲಾ ಮನಿ ಕೆಲಸದಾಕಿ ಬಾಯಾಗ. ಅದೂ "ರೀ" ಹಚ್ಚಿದ್ರ ಉತ್ತರ ಕರ್ನಾಟಕ ಆತು ಅಂತ ತಿಳಕೊಂಡಾರ. ಕೊಪ್ಪಳದ ಮಾತ ಬ್ಯಾರೆ, ಬೆಳಗಾವಿ ಮಾತ ಬ್ಯಾರೆ, ನಿಮ್ಮ ಬಳ್ಳಾರಿದು ಇನ್ನಾ ಬ್ಯಾರೆ. ನಮ್ಮ ಮಾತಾಡೋ ಹೆಣ್ಣುಮಗಳು ಕಥಿಯೊಳಗ ಅತ್ತರ, ನಕ್ಕರ, ಸಿಟ್ಟಾದ್ರ ಹೆಂಗ ಕಾಣ್ತಾಳ ಅಂತ ನನಗ ನೋಡೋ ಆಸೆ ಐತಿ. ನನಗಂತ ಮಾಡಿದ್ದಂತಾರ, ಅದಕ್ಕ ಇಷ್ಟು ಕೇಳೋ ಹಕ್ಕು ನನಗೈತಿ.

ನೀವು ಚಾನೆಲ್ ಬದಲಿಸಿದ್ದು ತಪ್ಪು. ಅವ್ವಾರ ಮುಂದ ಒಪ್ಪಿಕೊಳ್ರಿ.

---

ಹಳೇ_ರಾಯಚೂರು_ಜಿಲ್ಲೆ:

ನನಗೀಗ ಅರವತ್ತು ದಾಟಿದೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನಾನು ಹುಡುಗನಾಗಿದ್ದಾಗ ನಮ್ಮೂರು ರಾಯಚೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ನಾನು ಟಿವಿ ನೋಡಿದ್ದು 1975ರಲ್ಲಿ. ಬೆಂಗಳೂರಿನ ದೂರದರ್ಶನ ಶುರುವಾದದ್ದು 1981ರಲ್ಲಿ, ಅದಕ್ಕೂ ಆರು ವರ್ಷ ಮೊದಲು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೋದವರು ಒಂದು ವರ್ಷ ಪ್ರಯೋಗ ನಡೆಸಿದರು, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಶಾಲೆಯ ಮಾಳಿಗೆಯ ಮೇಲೆ ಕೋಳಿ ಬಲೆಯಂಥ ತಂತಿಯ ದೊಡ್ಡ ಛತ್ರಿ, ಕೆಳಗೆ ಜಗಲಿಯ ಮೇಲೆ ಒಂದು ಪೆಟ್ಟಿಗೆ. ಸಂಜೆಯಾದರೆ ಊರಿಗೆ ಊರೇ ಅಂಗಳದಲ್ಲಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಆದರೆ ಪೆಟ್ಟಿಗೆ ಒಂದೇ. ಒಕ್ಕಲುತನದ ಮಾತು ಬಂದರೂ ಹೆಂಗಸರು ಏಳುತ್ತಿರಲಿಲ್ಲ, ಕೂಸಿನ ಆರೈಕೆಯ ಮಾತು ಬಂದರೂ ಗಂಡಸರು ಏಳುತ್ತಿರಲಿಲ್ಲ.

ಇನ್ನು ಜಾತ್ರೆಯ ನಾಟಕಗಳನ್ನು ನೆನೆಯಿರಿ. ನಮ್ಮ ಭಾಗದಲ್ಲಿ ಹೇಮರೆಡ್ಡಿ ಮಲ್ಲಮ್ಮನ ನಾಟಕ ಆಡದ ಊರುಂಟೇ? ಅತ್ತೆ ನಾದಿನಿಯರ ಕಾಟ, ಸೊಸೆಯ ಕಣ್ಣೀರು, ಕೊನೆಗೆ ಶ್ರೀಶೈಲದ ಮಲ್ಲಯ್ಯ ಕೈಹಿಡಿಯುವುದು. ಇಂದಿನ ಧಾರಾವಾಹಿಯಲ್ಲಿ ಇರುವುದೆಲ್ಲ ಅದರಲ್ಲಿತ್ತು. ನನ್ನ ಅಪ್ಪ ಮನೆಯಲ್ಲಿ ಒಂದು ಮೃದು ಮಾತಾಡಿದವನಲ್ಲ. ಆ ನಾಟಕಕ್ಕೆ ರಾತ್ರಿಯಿಡೀ ಕುಳಿತು, ಮಲ್ಲಮ್ಮನನ್ನು ಮನೆಯಿಂದ ಹೊರಗೆ ಹಾಕುವಾಗ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಸುತ್ತ ಕುಳಿತವರೆಲ್ಲ ಒರೆಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಹೊಲದಲ್ಲಿ ಅದೇ ಮಾತು. ಹೆಂಗಸರ ನಾಟಕ ಎಂದು ಒಬ್ಬರೂ ಅನ್ನಲಿಲ್ಲ.

ಯಾವಾಗ ಇದು ಬರೀ ಹೆಂಗಸರದಾಯಿತು ಎಂದು ನಾನೂ ಯೋಚಿಸಿದ್ದೇನೆ. ಬಯಲಿನಲ್ಲಿದ್ದ ಕಥೆ ಪಡಸಾಲೆಗೆ ಬಂತು, ಗಂಡಸು ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದ. ನನಗೆ ಹೊಳೆದದ್ದು ಇಷ್ಟೇ.

---

ಸಿ_ಶಿಫ್ಟ್_ತೋರಣಗಲ್ಲು:

ಸ್ಟೀಲ್ ಪ್ಲಾಂಟಿನಲ್ಲಿ ಕೆಲಸ. ಸಿ ಶಿಫ್ಟ್, ಅಂದ್ರೆ ರಾತ್ರಿ ಪಾಳಿ, ಮುಗಿಸಿ ಬಸ್ಸಿನಲ್ಲಿ ಬರುವಾಗ ನಿನ್ನೆಯ ಸಂಚಿಕೆ ಫೋನಿನಲ್ಲಿ ನೋಡ್ತೀನಿ. ಇಯರ್‌ಫೋನ್ ಹಾಕ್ಕೊಂಡು ನೋಡೋರು ನಮ್ಮ ಬಸ್ಸಿನಲ್ಲಿ ಏನಿಲ್ಲಾಂದ್ರೂ ನಾಲ್ಕೈದು ಜನ ಇದ್ದಾರೆ, ಒಬ್ಬರಿಗೊಬ್ಬರು ಹೇಳ್ಕೊಳ್ಳಲ್ಲ.

ಒಂದು ವಿಷಯ. ಟಿ.ಎನ್. ಸೀತಾರಾಮ್ ಅವರ "ಮುಕ್ತ ಮುಕ್ತ" ಬರುವಾಗ ನಮ್ಮಪ್ಪ, ಅವರ ಗೆಳೆಯರು ರಾಜಾರೋಷವಾಗಿ ನೋಡ್ತಿದ್ದರು, ಮಾರನೇ ದಿನ ಹೋಟೆಲಿನಲ್ಲಿ ಚರ್ಚೆ ಮಾಡ್ತಿದ್ದರು. ಅದರಲ್ಲಿನ ವಕೀಲ ಸಿಎಸ್‌ಪಿ ಕೋರ್ಟಿನಲ್ಲಿ ವಾದ ಮಾಡ್ತಾರೆ ಅನ್ನೋದೊಂದು ಕಾರಣ. ಅದೂ ಧಾರಾವಾಹಿಯೇ, ಅದರಲ್ಲೂ ಮನೆ, ಮದುವೆ, ಕಣ್ಣೀರು ಇತ್ತು. ಕೋರ್ಟಿನಲ್ಲಿ ನಡೆದರೆ ವಿಚಾರ, ಅಡುಗೆಮನೆಯಲ್ಲಿ ನಡೆದರೆ ಹೆಂಗಸರ ಗೋಳು. ನನಗೆ ಇದು ಅನ್ಯಾಯ ಅನ್ಸುತ್ತೆ.

ಕತ್ತರಿ ಅಣ್ಣ, ನೀವು ಹೇಳಿದ ಕೈಕೆಲಸದ ಮಾತು ನೂರಕ್ಕೆ ನೂರು ಸರಿ. ಇಂಥ ಧಾರಾವಾಹಿಗಳು ಹುಟ್ಟಿದ್ದು 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ. ಹಗಲು ಹೊತ್ತು ಮನೆಗೆಲಸ ಮಾಡ್ತಾ ಕೇಳೋ ಹೆಂಗಸರಿಗೆ ಅಂತ ಸಾಬೂನು ಕಂಪನಿಗಳು ದುಡ್ಡು ಹಾಕಿ ಮಾಡಿಸಿದ್ದು, ಅದಕ್ಕೇ ಸೋಪ್ ಆಪೆರಾ ಅನ್ನೋ ಹೆಸರು. "ಗೈಡಿಂಗ್ ಲೈಟ್" ಅನ್ನೋದು 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರಲ್ಲಿ ಮುಗೀತು. ಎಪ್ಪತ್ತೆರಡು ವರ್ಷ. ಪಾತ್ರೆ ತೊಳೀತಾ ಕೇಳಿದರೂ ಕಥೆ ತಪ್ಪಬಾರದು ಅಂತಲೇ ಹೇಳಿದ್ದನ್ನ ಮತ್ತೆ ಹೇಳೋದು. ನೀವು ದಾರ ಕತ್ತರಿಸ್ತಾ ಕಂಡುಕೊಂಡಿದ್ದೂ ಅದನ್ನೇ.

---

ಕತ್ತರಿ_ಬಳ್ಳಾರಿ:

ಎಲ್ಲರಿಗೂ ತುಂಬಾ ಧನ್ಯವಾದ. ಹಿರಿಯರು ಬರೆದದ್ದನ್ನ ಅವ್ವನಿಗೆ ಓದಿ ಹೇಳಿದೆ. ಮಲ್ಲಮ್ಮನ ನಾಟಕ ಅವಳೂ ನೋಡಿದ್ದಾಳಂತೆ, ಮದುವೆಗೆ ಮುಂಚೆ, ಕುರುಗೋಡು ಜಾತ್ರೆಯಲ್ಲಿ.

ಅಕ್ಕಾರ, ನೀವು ಹೇಳಿದಂಗೆ ಒಪ್ಪಿಕೊಂಡೆ. "ಆವತ್ತು ಚಾನೆಲ್ ಬದಲಿಸಿದ್ದು ತಪ್ಪಾಯ್ತವ್ವ" ಅಂದೆ. "ಭಾನುವಾರ ಮತ್ತೆ ಹಾಕಿದ್ರು, ನೋಡಿದೆ ಬಿಡು" ಅಂದಳು. ಆದರೂ ಆ ರಾತ್ರಿ ರಿಮೋಟು ತನ್ನ ಮಡಿಲಲ್ಲಿ ಇಟ್ಕೊಂಡೇ ಕುಂತಿದ್ದಳು.

ಮೊನ್ನೆ ಲೆಕ್ಕಕ್ಕೆ ಅದೇ ಇಬ್ಬರು ಬಂದರು. ಟಿವಿ ಹಂಗೇ ಓಡ್ತಿತ್ತು. ನನ್ನ ಎದೆ ಸ್ವಲ್ಪ ಹೊಡ್ಕೊಂಡಿತು ನಿಜ. "ಕುಂತ್ಕೊಳ್ಳಿ, ಇದು ಮುಗೀಲಿ, ನಾನೂ ನೋಡ್ತಿದೀನಿ" ಅಂದೆ. ಒಬ್ಬ ಫೋನ್ ತೆಗೆದು ನೋಡ್ತಾ ಕುಂತ. ಪ್ರೆಸ್ಸಿಂಗ್ ಮಾಡೋನು ಸ್ವಲ್ಪ ಹೊತ್ತು ಬಿಟ್ಟು "ಈ ಹಸಿರು ಸೀರೆಯವಳು ಹುಡುಗನ ತಾಯಿನಾ?" ಅಂದ. ಅವ್ವ ಶುರುವಿನಿಂದ ಹೇಳೋಕೆ ಹತ್ತಿದಳು. ಜಾಹೀರಾತು ಬಂತು, ಹೋಯ್ತು, ಅವಳು ಇನ್ನೂ ಮೊದಲನೇ ಮದುವೆಯಲ್ಲೇ ಇದ್ದಳು. ಅವನು ಕೇಳ್ತಾ ಕೇಳ್ತಾ ಮೂಟೆಯಿಂದ ಒಂದು ಪ್ಯಾಂಟು ಎಳ್ಕೊಂಡು, ಮಗಳ ಕೈಯಿಂದ ಕತ್ತರಿ ಇಸ್ಕೊಂಡು ದಾರ ಕತ್ತರಿಸೋಕೆ ಕುಂತ. ಲೆಕ್ಕ ಮಾಡಿದ್ದು ಒಂಬತ್ತೂವರೆ ಮೇಲೆ.

ಗಂಗಾವತಿ ಅಕ್ಕಾರ, ಮುಂದಿನ ತಿಂಗಳು ಅಂಜನಾದ್ರಿಗೆ ಬರೋರಿದ್ದೀವಿ. 575 ಮೆಟ್ಟಿಲು ಹತ್ತೋಕೆ ಅವ್ವನ ಮೊಣಕಾಲು ಬಿಡಲ್ಲ. ನಾವು ಬೆಟ್ಟ ಹತ್ತಿ ಇಳಿಯೋ ತನಕ ನಿಮ್ಮ ಖಾನಾವಳಿಯಲ್ಲಿ ಕುಂತಿರ್ತಾಳಂತೆ, ನಿಮ್ಮ ಹತ್ತಿರ ಮಾತಾಡೋದು ಬಹಳ ಐತಂತೆ. ಯಾವ ಹೊತ್ತಿಗೆ ಬಂದರೆ ನಿಮಗೆ ಗಿರಾಕಿ ಕಮ್ಮಿ ಇರ್ತಾರೆ ಅಂತ ತಿಳಿಸಿ.