ಪಾಠದಲ್ಲಿ ಕಲೆ ಸೇರ್ಸೋದು ಅಂದ್ರೆ ಬರೀ ಚಾರ್ಟ್ ಮಾಡ್ಸೋದಾ?

ಪ್ರಶ್ನೆ:
ಏಳನೇ ಕ್ಲಾಸಿಗೆ ವಿಜ್ಞಾನ, ಗಣಿತ ಎರಡೂ ತಗೊಳ್ತೀನಿ. ಪಾಠದ ಜೊತೆ ಕಲೆನೂ ಇರ್ಲಿ ಅಂತ ಹೂವಿನ ಭಾಗಗಳಿಗೆ ಮಕ್ಕಳ ಕೈಲಿ ಚಾರ್ಟ್ ಮಾಡಿಸ್ದೆ, ಎರಡು ಪೀರಿಯಡ್ ಪೂರ್ತಿ ಹೋಯ್ತು, ಬಾರ್ಡರ್ ಹಾಕಿ ಮಿಂಚು ಅಂಟ್ಸಿ ಚೆಂದ ಮಾಡಿದ್ರು, ಆದ್ರೆ ಮಾರನೇ ದಿನ ಹೂವು ಕೊಟ್ಟು ಕೇಸರ, ಅಂದ್ರೆ ಪರಾಗದ ಪುಡಿ ಇರೋ ಎಳೆ, ತೋರ್ಸಿ ಅಂದ್ರೆ ಅರ್ಧ ಜನ ದಳ ಮುಟ್ಟಿ ತೋರಿಸಿದ್ರು. ತುಂಬಾ ಬೇಜಾರಾಯ್ತು. ಬಿಟ್ಬಿಡೋಕೂ ಮನಸಿಲ್ಲ, ಯಾಕಂದ್ರೆ ಯಾವತ್ತೂ ಬಾಯೇ ಬಿಡದ ಮಕ್ಕಳು ಅವತ್ತು ಮೈಮರೆತು ಕೂತಿದ್ರು. ಎಲ್ಲಿ ಎಡವ್ತಿದೀನಿ?

ಉತ್ತರ 1:
ಚಾರ್ಟಲ್ಲಿ ಅವ್ರು ಪುಸ್ತಕದ ಚಿತ್ರ ನೋಡಿ ಇಳಿಸಿರ್ತಾರೆ, ಹೂವು ನೋಡಿರಲ್ಲ, ಅಷ್ಟೇ. ನಾನು ಮೊದ್ಲು ದಾಸವಾಳನ ನೆನಪಿಂದ ಬರೀರಿ ಅಂತೀನಿ, ಐದು ನಿಮಿಷ. ಎಲ್ರೂ ಐದು ದಳ, ಮಧ್ಯೆ ಒಂದು ಕೋಲು ಬರೀತಾರೆ. ಆಮೇಲೆ ಕೈಗೆ ಹೂವು ಕೊಟ್ಟು, ಅದೇ ಹಾಳೆ ಪಕ್ಕದಲ್ಲಿ ಇನ್ನೊಂದ್ಸಲ ಬರ್ಸೋದು. ಆಗ ಶುರುವಾಗುತ್ತೆ ನೋಡಿ, "ತುದೀಲಿ ಐದು ಗುಂಡು ಇದೆ", "ಹಳದಿ ಪುಡಿ ಇರೋ ಎಳೆಗಳು ಕೋಲಿಗೇ ಅಂಟ್ಕೊಂಡಿವೆ" ಅಂತ. ಹೆಸರು ಹೇಳೋದು ಆವಾಗ್ಲೇ, ಗುಂಡು ಶಲಾಕಾಗ್ರ, ಹಳದಿ ಎಳೆ ಕೇಸರ. ಮೊದ್ಲೇ ಹೇಳ್ಬಿಟ್ರೆ ನೋಡೋ ಕೆಲಸಾನೇ ನಿಂತೋಗುತ್ತೆ. ಸ್ಪೇನಿನ ವಿಜ್ಞಾನಿ ರಾಮೋನ್-ಇ-ಕಹಾಲ್ ಸೂಕ್ಷ್ಮದರ್ಶಕದಲ್ಲಿ ನರಕೋಶ ನೋಡಿ ಕೈಯಲ್ಲೇ ಚಿತ್ರ ಬರೀತಿದ್ರು, 1906ರಲ್ಲಿ ನೊಬೆಲ್ ಬಂತು, ಆ ಚಿತ್ರಗಳು ಅಲಂಕಾರಕ್ಕಲ್ಲ, ಅವ್ರು ನೋಡ್ತಿದ್ದ ರೀತಿನೇ ಅದು.

ಉತ್ತರ 2:
ಗಣಿತಕ್ಕೆ ಚಪ್ಪಾಳೆ ಸಾಕು, ಸಾಮಾನೇ ಬೇಡ. ಲಸಾಅ, ಅಂದ್ರೆ ಎರಡು ಸಂಖ್ಯೆಗಳ ಮಗ್ಗಿ ಮೊದಲ ಸಲ ಸೇರೋ ಸಂಖ್ಯೆ, ಮಾಡುವಾಗ ಎಲ್ರೂ ಒಟ್ಟಿಗೆ ಎಣಿಸ್ತಾರೆ, ಒಂದು ಗುಂಪು 3, 6, 9ಕ್ಕೆ ತಟ್ಟುತ್ತೆ, ಇನ್ನೊಂದು 4, 8ಕ್ಕೆ, 12ಕ್ಕೆ ಎರಡೂ ಸೇರಿದಾಗ ಸದ್ದೇ ಬೇರೆ. ಆಮೇಲೆ 4 ಮತ್ತು 6 ಕೊಡಿ. ಗುಣಿಸಿ 24 ಅಂತ ಕೂಗ್ತಾರೆ, ತಟ್ಟಿ ನೋಡಿದ್ರೆ 12ಕ್ಕೇ ಸೇರ್ಬಿಡುತ್ತೆ! ಯಾಕೆ ಬೇಗ ಸೇರ್ತು ಅನ್ನೋ ಪ್ರಶ್ನೆ ಮಕ್ಕಳೇ ಕೇಳ್ತಾರೆ, ಅಲ್ಲಿಂದ ಪಾಠ.

ಉತ್ತರ 3:
ನಾನು ಚಿತ್ರಕಲೆ ಟೀಚರ್, ಎರಡು ಮಾತು. ಚೆನ್ನಾಗಿದೆ ಅಂತ ಮಾರ್ಕ್ಸ್ ಕೊಡ್ಬೇಡಿ, ಕೈ ಓಡದ ಮಕ್ಕಳು ವಿಜ್ಞಾನದಲ್ಲೂ ಹಿಂದೆ ಅನ್ನೋ ಹಾಗಾಗುತ್ತೆ, ಚಿತ್ರದ ಕೆಳಗೆ "ಮೊದಲು ಕಾಣದ್ದು ಈಗ ಏನು ಕಾಣ್ತು" ಅಂತ ಎರಡು ಸಾಲು ಬರೆಸಿ, ಅದನ್ನ ನೋಡಿ. ಇನ್ನೊಂದು, ಪಾಠದಲ್ಲಿ ಕಲೆ ಬಂತಲ್ಲ ಅಂತ ಚಿತ್ರಕಲೆ ಪೀರಿಯಡ್ ಕಿತ್ಕೊಳ್ಳೋಕೆ ಯಾರಾದ್ರೂ ಬಂದ್ರೆ ದಯವಿಟ್ಟು ನಮ್ಮ ಜೊತೆ ನಿಂತ್ಕೊಳ್ಳಿ. ಗೆರೆ ಎಳೆಯೋದನ್ನ, ಬಣ್ಣ ಬೆರೆಸೋದನ್ನ ಮಕ್ಕಳು ಅದಕ್ಕಾಗೇ ಕಲೀಬೇಕು.

ಪ್ರಶ್ನೆ ಕೇಳಿದವರು:
ನೆನಪಿನ ಚಿತ್ರ ನಾಳೆನೇ ಮಾಡಿಸ್ತೀನಿ, ಹಳೇ ಚಾರ್ಟ್ ಪಕ್ಕದಲ್ಲೇ ಹಾಕ್ತೀನಿ. ಮಾರ್ಕ್ಸ್ ವಿಷಯ ನಂಗೆ ಹೊಳೆದೇ ಇರ್ಲಿಲ್ಲ, ಮಿಂಚು ಜಾಸ್ತಿ ಇದ್ದ ಚಾರ್ಟಿಗೇ ನಾನೂ ಹತ್ತಕ್ಕೆ ಹತ್ತು ಕೊಟ್ಟಿದ್ದೆ.